ಫ್ಲ್ಯಾಟ್ ಕೊಳ್ಳುವ ಮುನ್ನ ಮೆಂಟೆನೆನ್ಸ್ ಲೆಕ್ಕ ಕೇಳಿ ನೋಡಿ

ಹಿರಿಯರ ಮನೆ-ಹಿತ್ತಿಲು ಮಾರಿ ಮಂಗಳೂರು, ಉಡುಪಿಯ ಫ್ಲ್ಯಾಟುಗಳಿಗೆ ಬರುವವರು ನಮ್ಮಲ್ಲಿ ಅನೇಕರಿದ್ದಾರೆ. ಗಲ್ಫ್‌ನಲ್ಲಿ ದುಡಿಯುತ್ತಾ ಊರಲ್ಲೊಂದು ಫ್ಲ್ಯಾಟ್ ಮಾಡಿಕೊಳ್ಳುವವರೂ ಇದ್ದಾರೆ. ಚದರಡಿಯ ದರ, ಬ್ಯಾಂಕಿನ ಬಡ್ಡಿ ಇವನ್ನೆಲ್ಲ ಹತ್ತು ಕಡೆ ವಿಚಾರಿಸುವ ಇವರು, ತಿಂಗಳ ಮೆಂಟೆನೆನ್ಸ್ ಎಷ್ಟೆಂದು ಒಂದು ಮಾತು ಕೇಳಿ ಸುಮ್ಮನಾಗುತ್ತಾರೆ. ಬ್ಯಾಂಕಿನ ಸಾಲ ಒಂದು ದಿನ ತೀರುತ್ತದೆ. ಮೆಂಟೆನೆನ್ಸ್ ಫ್ಲ್ಯಾಟ್ ಇರುವಷ್ಟು ಕಾಲವೂ ಕಟ್ಟಬೇಕು, ಪಿಂಚಣಿಯಲ್ಲಿ ಬದುಕುವವರೂ ಕಟ್ಟಬೇಕು.

ಮೆಂಟೆನೆನ್ಸ್ ಕಡಿಮೆ ಎಂದಾಕ್ಷಣ ಸಂತೋಷಪಡಬೇಕಾಗಿಲ್ಲ. ಒಂದು ಉದಾಹರಣೆ ನೋಡೋಣ. 24 ಫ್ಲ್ಯಾಟುಗಳ ಕಟ್ಟಡದಲ್ಲಿ ತಲಾ 1,000 ರೂಪಾಯಿಯಂತೆ ತಿಂಗಳಿಗೆ 24,000 ರೂಪಾಯಿ ಸಂಗ್ರಹವಾಗುತ್ತದೆ. ಹಗಲಿಗೊಬ್ಬ, ರಾತ್ರಿಗೊಬ್ಬ ವಾಚ್‌ಮನ್ ಇಟ್ಟು ತಲಾ 14,000 ಕೊಟ್ಟರೆ ಅದೇ 28,000 ಆಯಿತು. ಲಿಫ್ಟ್, ಪಂಪು, ಜನರೇಟರಿನ ಡೀಸೆಲ್, ಗುಡಿಸುವವರ ಸಂಬಳ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಹಾಗಾದರೆ ಉಳಿದ ಹಣ ಯಾರು ಕೊಡುತ್ತಿದ್ದಾರೆ? ಫ್ಲ್ಯಾಟುಗಳೆಲ್ಲ ಮಾರಾಟವಾಗುವ ತನಕ ಬಿಲ್ಡರೇ ಕೊಡುತ್ತಿರಬಹುದು. ಅವರು ಕೈ ಬಿಟ್ಟ ತಿಂಗಳಿನಿಂದ ದರ ಏರುತ್ತದೆ, ಇಲ್ಲವೇ ಕೆಲಸ ನಿಲ್ಲುತ್ತದೆ. 2016ರ ರೇರಾ ಕಾಯ್ದೆಯಂತೆ, ಅಸೋಸಿಯೇಶನ್ ವಹಿಸಿಕೊಳ್ಳುವ ತನಕ ಅಗತ್ಯ ಸೇವೆಗಳನ್ನು ನ್ಯಾಯವಾದ ದರದಲ್ಲಿ ಒದಗಿಸುವುದು ಬಿಲ್ಡರನ ಹೊಣೆ. ಆದ್ದರಿಂದ ಬರೀ ದರ ಕೇಳಿದರೆ ಸಾಲದು, ಒಂದು ವರ್ಷದ ಖರ್ಚಿನ ಪಟ್ಟಿ ಕೇಳಿ. ಏಪ್ರಿಲ್, ಮೇ ತಿಂಗಳ ನೀರಿನ ಬಿಲ್ಲನ್ನು ಮರೆಯದೆ ನೋಡಿ. 2016 ಮತ್ತು 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೆ ರೇಷನ್ ಆದದ್ದು ನೆನಪಿರಬಹುದು. ಅಂಥ ಸಮಯದಲ್ಲಿ ಟ್ಯಾಂಕರ್ ತರಿಸಿದ ಖರ್ಚೆಲ್ಲ ಮೆಂಟೆನೆನ್ಸ್‌ಗೇ ಬಂದು ಸೇರುತ್ತದೆ.

ದರವನ್ನು ಯಾವ ಅಳತೆಯ ಮೇಲೆ ಹಾಕಿದ್ದಾರೆ ಎಂಬುದೂ ಮುಖ್ಯ. ಚದರಡಿಗೆ 3 ರೂಪಾಯಿ ಎಂದರೆ, 1,200 ಚದರಡಿ ಸೂಪರ್ ಬಿಲ್ಟಪ್ ಲೆಕ್ಕದಲ್ಲಿ 3,600 ರೂಪಾಯಿ. ಅದೇ ಫ್ಲ್ಯಾಟಿನ ಕಾರ್ಪೆಟ್ ಏರಿಯಾ 850 ಇದ್ದರೆ, ಆ ಲೆಕ್ಕದಲ್ಲಿ 2,550 ಮಾತ್ರ. ಕೆಲವು ಕಟ್ಟಡಗಳಲ್ಲಿ ದೊಡ್ಡ ಫ್ಲ್ಯಾಟಿಗೂ ಸಣ್ಣದಕ್ಕೂ ಒಂದೇ ಮೊತ್ತ. ಒಂಟಿಯಾಗಿರುವ ವೃದ್ಧರು ಸಣ್ಣ ಫ್ಲ್ಯಾಟ್ ಕೊಳ್ಳುವುದಾದರೆ ಇದನ್ನು ವಿಚಾರಿಸಲೇಬೇಕು.

ಇನ್ನು ಸಿಂಕಿಂಗ್ ಫಂಡ್. ಅಂದರೆ ಮುಂದೆ ಬರುವ ದೊಡ್ಡ ರಿಪೇರಿಗೆಂದು ಕೂಡಿಡುವ ಹಣ. ನಮ್ಮ ಮಳೆಗೆ ಗೋಡೆ ಒದ್ದೆಯಾಗುತ್ತದೆ, ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಸಜ್ಜಾ ಉದುರುತ್ತದೆ. ಸಮುದ್ರದ ಹತ್ತಿರ ಇದು ಬೇಗನೆ ಆಗುತ್ತದೆ. ಹದಿನೈದು ವರ್ಷದ ಕಟ್ಟಡದಲ್ಲಿ ಈ ಫಂಡ್ ಇಲ್ಲದಿದ್ದರೆ, ನೀವು ಒಕ್ಕಲು ಬಂದ ವರ್ಷವೇ ಪೈಂಟಿಂಗಿಗೋ ಹೊಸ ಲಿಫ್ಟಿಗೋ ಒಂದೇ ಸಲ ದೊಡ್ಡ ಮೊತ್ತ ಕೇಳಬಹುದು. ನನ್ನ ಅಭಿಪ್ರಾಯದಲ್ಲಿ 1,500 ಪಡೆದು ಏನೂ ಉಳಿಸದ ಕಟ್ಟಡಕ್ಕಿಂತ, 2,500 ಪಡೆದು ಬ್ಯಾಂಕಿನಲ್ಲಿ ಠೇವಣಿ ಇಟ್ಟಿರುವ ಕಟ್ಟಡವೇ ಅಗ್ಗ. ಹೊಸ ಫ್ಲ್ಯಾಟ್ ಕೊಡುವಾಗ ಬಿಲ್ಡರು ಕಾರ್ಪಸ್ ಎಂದು ಒಟ್ಟಿಗೇ ಹಣ ಪಡೆಯುವುದುಂಟು. ಅದು ಯಾರ ಹೆಸರಿನ ಖಾತೆಯಲ್ಲಿದೆ, ಅಸೋಸಿಯೇಶನಿಗೆ ಯಾವಾಗ ಬರುತ್ತದೆ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ.

ಹಳೆಯ ಫ್ಲ್ಯಾಟ್ ಕೊಳ್ಳುವವರಿಗೆ ಇನ್ನೊಂದು ಅಪಾಯವಿದೆ. ಮಾಲೀಕರು ವಿದೇಶದಲ್ಲಿದ್ದು ಬೀಗ ಹಾಕಿರುವ ಫ್ಲ್ಯಾಟುಗಳಲ್ಲಿ ವರ್ಷಗಟ್ಟಲೆ ಬಾಕಿ ಉಳಿದಿರುವುದುಂಟು. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಆ ಬಾಕಿಗೆ ಮಾರಿದವರೊಂದಿಗೆ ಕೊಂಡವರನ್ನೂ ಹೊಣೆ ಮಾಡಲಾಗಿದೆ. ಆದರೆ ಬಾಕಿ ಎಷ್ಟೆಂದು ಆಡಳಿತ ಮಂಡಳಿಯಿಂದ ಬರಹದಲ್ಲಿ ಪಡೆಯುವ ಹಕ್ಕನ್ನೂ ಕೊಂಡವರಿಗೆ ಅದೇ ಕಾಯ್ದೆ ಕೊಟ್ಟಿದೆ. ಅದರಲ್ಲಿ ತೋರಿಸಿದ್ದಕ್ಕಿಂತ ಹೆಚ್ಚನ್ನು ಅವರಿಂದ ವಸೂಲಿ ಮಾಡುವಂತಿಲ್ಲ. ಹಾಗಾಗಿ ಮುಂಗಡ ಕೊಡುವ ಮೊದಲೇ ಕಾರ್ಯದರ್ಶಿಯ ಸಹಿ, ಮೊಹರು ಇರುವ ಪತ್ರ ಪಡೆದುಕೊಳ್ಳಿ. ಆಗಲೇ ಕಟ್ಟಡದಲ್ಲಿ ಒಟ್ಟು ಎಷ್ಟು ಮಂದಿಯ ಬಾಕಿ ಇದೆ ಎಂದೂ ಕೇಳಿ. 24ರಲ್ಲಿ ಎಂಟು ಮಂದಿ ಕಟ್ಟದಿದ್ದರೆ, ಅವರ ಪಾಲಿನ ಲಿಫ್ಟ್ ಖರ್ಚನ್ನು ಉಳಿದ ಹದಿನಾರು ಮನೆಯವರೇ ಹೊರಬೇಕಾಗುತ್ತದೆ.