ತೊಗಟೆಕೊರಕನ ಕಾಣದ ವೈರಿ

ಹೆಮ್ಮರವನ್ನು ಕೆಡಹಲು ಕೊಡಲಿಯೇ ಬೇಕೆಂದಿಲ್ಲ. ಅಕ್ಕಿಕಾಳಿನಷ್ಟಿರುವ ಕೀಟವೂ ಆ ಕಾರ್ಯವನ್ನು ಮಾಡಬಲ್ಲುದು. ಯುರೋಪಿನ ಸ್ಪ್ರೂಸ್ ಅರಣ್ಯಗಳಲ್ಲಿರುವ ‘ಇಪ್ಸ್ ಟೈಪೋಗ್ರಾಫಸ್’ ಎಂಬ ತೊಗಟೆಕೊರಕ ಜೀರುಂಡೆಯೇ ಇದಕ್ಕೆ ನಿದರ್ಶನ. ಇದರ ಉದ್ದ ಸುಮಾರು 4ರಿಂದ 5.5 ಮಿಲಿಮೀಟರು. ತೊಗಟೆಯಡಿ ಇದು ಕೊರೆಯುವ ಸಾಲುಸಾಲು ಸುರಂಗಗಳು ಅಚ್ಚಿನ ಪುಟದಂತೆ ತೋರುವುದರಿಂದ ಜರ್ಮನರು ಇದನ್ನು ‘ಪುಸ್ತಕ ಮುದ್ರಕ’ನೆಂದೇ ಕರೆಯುತ್ತಾರೆ.

ಬಿರುಗಾಳಿಗೆ ಉರುಳಿದ ಅಥವಾ ಬರದಿಂದ ಬಳಲಿದ ಮರವನ್ನು ಈ ಕೀಟವು ಮೊದಲು ಮುತ್ತಿ, ತಾನು ಹೊರಸೂಸುವ ವಾಸನೆಯಿಂದ ತನ್ನ ಬಳಗವನ್ನೆಲ್ಲ ಕರೆಯುತ್ತದೆ. ಮರಿಹುಳುಗಳು ಆಹಾರ ಸಾಗಿಸುವ ಒಳತೊಗಟೆಯನ್ನು ತಿಂದುಹಾಕುತ್ತವೆ. 2018ರ ಬರದ ತರುವಾಯ ಚೆಕ್ ಗಣರಾಜ್ಯ ಹಾಗೂ ಜರ್ಮನಿಗಳಲ್ಲಿ ವಿಸ್ತಾರವಾದ ಸ್ಪ್ರೂಸ್ ಕಾಡುಗಳು ಹೀಗೆಯೇ ಒಣಗಿಹೋದವು.

ಆದರೆ ಈ ಕೊರಕನನ್ನೂ ಒಳಗಿನಿಂದ ಕೊರೆಯುವ ಜೀವಿಗಳಿವೆ. ಅವೇ ಮೈಕ್ರೋಸ್ಪೋರಿಡಿಯಾ ಎಂಬ ಏಕಕೋಶ ಪರೋಪಜೀವಿಗಳು. ಜೀರುಂಡೆಯ ಮೇದಸ್ಸಿನ ಅಂಗಾಂಶದಲ್ಲಿ ಬೆಳೆಯುವ ‘ನೊಸೀಮಾ ಟೈಪೋಗ್ರಾಫಿ’ಯನ್ನು ಚೆಕ್ ವಿಜ್ಞಾನಿ ಯಾರೋಸ್ಲಾವ್ ವೈಸರ್ 1955ರಲ್ಲಿ ವಿವರಿಸಿದರು. ‘ಕೈಟ್ರಿಡಿಯಾಪ್ಸಿಸ್ ಟೈಪೋಗ್ರಾಫಿ’ ಎಂಬ ಇನ್ನೊಂದು ಪ್ರಭೇದವು ಕರುಳಿನ ಒಳಪದರದಲ್ಲಿ ನೆಲೆಸುತ್ತದೆ.

ಇವುಗಳ ಬೀಜಕಣಗಳು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು ಸಣ್ಣವು. ಆಹಾರದೊಡನೆ ಕರುಳನ್ನು ಸೇರಿದ ಬೀಜಕಣದೊಳಗೆ ಸುರುಳಿಯಾಗಿ ಮಡಿಸಿದ್ದ ನಾಳವು ಕೈಚೀಲವನ್ನು ಒಳಹೊರಗು ಮಾಡಿದಂತೆ ಚಿಮ್ಮಿ, ಜೀವಕೋಶವನ್ನು ಚುಚ್ಚುತ್ತದೆ. ಪರೋಪಜೀವಿಯ ಜೀವದ್ರವ್ಯವು ಆ ನಾಳದ ಮೂಲಕ ಒಳಹರಿದು ವೃದ್ಧಿಯಾಗುತ್ತದೆ. ಹಿಂದೆ ಆದಿಜೀವಿಗಳೆಂದು ಪರಿಗಣಿತವಾಗಿದ್ದ ಇವು ಶಿಲೀಂಧ್ರಗಳ ನಿಕಟ ಬಂಧುಗಳೆಂದು ಈಗ ತಿಳಿದುಬಂದಿದೆ.

ಈ ವಂಶದ ಒಂದು ಜೀವಿ ಕನ್ನಡ ನಾಡಿನ ರೇಷ್ಮೆ ಬೆಳೆಗಾರರಿಗೂ ಅಪರಿಚಿತವಲ್ಲ. ರೇಷ್ಮೆಹುಳುವಿನ ಪೆಬ್ರಿನ್ ರೋಗಕ್ಕೆ ಕಾರಣವಾದ ‘ನೊಸೀಮಾ ಬಾಂಬಿಸಿಸ್’ಗೆ ನೇಗೆಲಿ 1857ರಲ್ಲಿ ಹೆಸರಿಟ್ಟರು. ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿದ್ದರೆ ಅದರ ಮೊಟ್ಟೆಗಳನ್ನು ತ್ಯಜಿಸುವ ಕ್ರಮವನ್ನು ಲೂಯಿ ಪಾಶ್ಚರ್ ರೂಢಿಗೆ ತಂದರು. ನಮ್ಮ ಮೊಟ್ಟೆ ಉತ್ಪಾದನಾ ಕೇಂದ್ರಗಳು ಇಂದಿಗೂ ಇದನ್ನೇ ಅನುಸರಿಸುತ್ತವೆ.

ಹಾಗಾದರೆ ಈ ಪರೋಪಜೀವಿಗಳನ್ನು ಬೆಳೆಸಿ ಕಾಡಿಗೆ ಬಿಡಬಾರದೇಕೆ? ಜೀವಂತ ಕೋಶದ ಹೊರಗೆ ಇವು ವೃದ್ಧಿಯಾಗಲಾರವು. ಆದುದರಿಂದ ಹೇರಳವಾಗಿ ಬೆಳೆಸುವುದು ಕಷ್ಟ. ಮೇಲಾಗಿ ಇವು ತರುವ ರೋಗ ನಿಧಾನವಾದುದು. ಸೋಂಕು ತಗಲಿದ ಜೀರುಂಡೆ ಒಡನೆಯೇ ಸಾಯದೆ, ಹಾರಿ ಮರವನ್ನು ಕೊರೆಯುತ್ತಲೇ ಇರಬಹುದು. ಆದಕಾರಣ ಕೀಟ ಹೊರಬೀಳುವ ಮುನ್ನವೇ ಪೀಡಿತ ಮರವನ್ನು ಕಡಿದು ಸಾಗಿಸುವುದು, ಇಲ್ಲವೆ ತೊಗಟೆ ಸುಲಿಯುವುದು ಅರಣ್ಯಪಾಲಕರ ಮುಖ್ಯ ಉಪಾಯವಾಗಿ ಉಳಿದಿದೆ.

ಒಂದೇ ವಂಶದ ಸೂಕ್ಷ್ಮಜೀವಿ ರೇಷ್ಮೆಗಾರನಿಗೆ ಹಗೆ, ಅರಣ್ಯಪಾಲಕನಿಗೆ ನೆಂಟ. ಹಗೆತನ, ನೆಂಟಸ್ತನಗಳು ಮನುಷ್ಯನ ಲೆಕ್ಕಾಚಾರಗಳೇ ಹೊರತು ಪ್ರಕೃತಿಯವಲ್ಲ.