ದಾದಿ ವೃತ್ತಿಯ ಹಲವು ದಾರಿಗಳು

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿರುವ ಈ ಶುಭಸಂದರ್ಭದಲ್ಲಿ ಹಳೆ ವಿದ್ಯಾರ್ಥಿಗಳ ನಡುವೆ ಅಧ್ಯಾಪಕರು, ವಕೀಲರು, ಬ್ಯಾಂಕ್ ಅಧಿಕಾರಿಗಳು, ವ್ಯಾಪಾರಿಗಳು ಧಾರಾಳವಾಗಿ ಕಾಣಸಿಗುತ್ತಾರೆ. ದಾದಿಯರು ಮಾತ್ರ ವಿರಳ. ಇದೇ ಕೇರಳದ ಕೋಟ್ಟಯಂ, ಪತ್ತನಂತಿಟ್ಟ ಕಡೆಯ ಮನೆಗಳಿಂದ ಹೊರಟ ದಾದಿಯರು ದೆಹಲಿಯಿಂದ ಲಂಡನ್ನಿನವರೆಗೆ ಆಸ್ಪತ್ರೆಗಳನ್ನು ನಡೆಸಿಕೊಂಡು ಬಂದಿರುವಾಗ, ಕಾಸರಗೋಡಿನ ಕನ್ನಡ ಮನೆಗಳು ಈ ವೃತ್ತಿಗೆ ಹಿಂಜರಿದದ್ದೇ ಹೆಚ್ಚು. ಚುಚ್ಚುಮದ್ದು ಕೊಡುವುದು, ಜ್ವರ ನೋಡುವುದು, ರಾತ್ರಿ ನಿದ್ದೆಗೆಡುವುದು ಇಷ್ಟೇ ಆ ಕೆಲಸವೆಂಬ ತಪ್ಪು ತಿಳಿವಳಿಕೆಯೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಎಣಿಕೆ.

ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ದಾಖಲಾದವರೇ ನೋಂದಾಯಿತ ದಾದಿಯರು. ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಅಥವಾ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿ ಮುಗಿಸಿದವರು ದಾದಿ ಮತ್ತು ಸೂಲಗಿತ್ತಿ ಎಂಬ ಎರಡೂ ಅರ್ಹತೆಗಳೊಡನೆ ನೋಂದಾವಣೆ ಪಡೆಯುತ್ತಾರೆ. ಪದವಿಗೆ ಪ್ಲಸ್ ಟುವಿನಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿರಬೇಕು. ಗಂಡುಮಕ್ಕಳಿಗೂ ಈ ಎರಡು ದಾರಿಗಳು ತೆರೆದಿವೆ. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯಿದೆಯ ಬದಲಿಗೆ ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು.

ನೋಂದಾವಣೆಯಾದ ಬಳಿಕವೇ ದಾರಿ ಕವಲೊಡೆಯುವುದು. ಶಸ್ತ್ರಚಿಕಿತ್ಸಾ ಕೊಠಡಿಯನ್ನೇ ನೋಡೋಣ. ಅಲ್ಲಿ ಒಬ್ಬ ದಾದಿ ಕೈತೊಳೆದು, ಜೀವಾಣುರಹಿತ ನಿಲುವಂಗಿ ತೊಟ್ಟು, ಶಸ್ತ್ರವೈದ್ಯರ ಪಕ್ಕದಲ್ಲಿ ನಿಂತು ಉಪಕರಣಗಳನ್ನು ನೀಡುತ್ತಾರೆ. ಇನ್ನೊಬ್ಬರು ಹೊರಗಿನಿಂದ ಬೇಕಾದುದನ್ನು ಒದಗಿಸುತ್ತ ದಾಖಲೆ ಬರೆಯುತ್ತಾರೆ. ಗಾಯವನ್ನು ಮುಚ್ಚುವ ಮುನ್ನ ಇಬ್ಬರೂ ಸೇರಿ ಬಟ್ಟೆಯ ತುಂಡುಗಳನ್ನು, ಸೂಜಿಗಳನ್ನು, ಇಕ್ಕಳಗಳನ್ನು ಗಟ್ಟಿಯಾಗಿ ಎಣಿಸುತ್ತಾರೆ. ಆರಂಭದ ಲೆಕ್ಕಕ್ಕಿಂತ ಒಂದು ಕಡಿಮೆಯಾದರೂ, ಎಷ್ಟೇ ಹೆಸರಾಂತ ಶಸ್ತ್ರವೈದ್ಯರಾಗಲಿ, ಕೈತಡೆದು ಹುಡುಕಲೇಬೇಕು. ತೀವ್ರ ನಿಗಾ ಘಟಕದಲ್ಲಿ ಉಸಿರಾಟದ ಯಂತ್ರದ ಅಂಕಿಗಳನ್ನು ಓದಿ, ಕೆಡುಕು ಬರುವ ಮೊದಲೇ ಅದರ ಸೂಚನೆ ಹಿಡಿಯಬಲ್ಲವರು ಬೇಕು. ದಿನ ತುಂಬದೆ ಹುಟ್ಟಿದ ಶಿಶುಗಳ ಆರೈಕೆ, ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್, ಕ್ಯಾನ್ಸರ್ ಔಷಧಿಗಳ ನಿರ್ವಹಣೆ, ತುರ್ತು ವಿಭಾಗ ಇವೆಲ್ಲ ಬೇರೆ ಬೇರೆ ಪರಿಣತಿಗಳು. ಆಸ್ಪತ್ರೆಯೊಳಗೇ ಸೋಂಕು ಹರಡದಂತೆ ಕಾಯುವುದೂ ಒಂದು ಹುದ್ದೆ. 2018ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಪೇರಾಂಬ್ರ ತಾಲೂಕು ಆಸ್ಪತ್ರೆಯ ದಾದಿ ಲಿನಿಯವರು ನಿಫಾ ರೋಗಿಯ ಶುಶ್ರೂಷೆಯಲ್ಲಿ ಸೋಂಕು ತಗಲಿ ತೀರಿಕೊಂಡ ಮೇಲೆ, ಈ ಹುದ್ದೆಯ ಬೆಲೆ ಏನೆಂಬುದನ್ನು ಕೇರಳದವರಿಗೆ ವಿವರಿಸಬೇಕಾಗಿಲ್ಲ.

ಯಂತ್ರಗಳ ಭಾಷೆ ಎಲ್ಲೆಡೆಯೂ ಒಂದೇ. ಆದರೆ ರೋಗಿಯ ಮಾತೇ ಮುಖ್ಯ ಸಾಧನವಾಗಿರುವ ಶಾಖೆಗಳು ಕೆಲವುಂಟು. ನಮ್ಮ ಮಕ್ಕಳ ವಿಷಯ ಬರುವುದು ಅಲ್ಲಿಯೇ. ನೋವನ್ನು ಹೇಳಲು ಕನ್ನಡದಲ್ಲಿ ಎಷ್ಟು ಪದಗಳಿವೆ ನೋಡಿ: ಉರಿ, ಸೆಳೆತ, ಚಳುಕು, ಜೋಮು, ನುಲಿತ, ಭಾರ. ಎದೆಯಲ್ಲಿ ಉರಿಯೆನ್ನುವುದಕ್ಕೂ ಎದೆ ಹಿಂಡಿದಂತಾಗುತ್ತದೆ ಎನ್ನುವುದಕ್ಕೂ ಚಿಕಿತ್ಸೆಯಲ್ಲಿ ಅಜಗಜಾಂತರವಿದೆ. ಕನ್ನಡ ಅಥವಾ ತುಳು ಮಾತ್ರ ಬಲ್ಲ ಮುದುಕಿಯೊಬ್ಬರು ಇದನ್ನು ಹೇಳುವಾಗ, ಕೇಳಿಸಿಕೊಳ್ಳುವವರಿಗೆ ಮಲಯಾಳವಷ್ಟೇ ಗೊತ್ತಿದ್ದರೆ ಎಲ್ಲವೂ 'ನೋವು' ಎಂಬ ಒಂದೇ ಪದಕ್ಕೆ ಇಳಿಯುತ್ತದೆ. ಮೂರೂ ಭಾಷೆಗಳನ್ನು ಬಲ್ಲ ಗಡಿನಾಡಿನ ದಾದಿಗೆ ಇದು ಯಾವ ಕಾಲೇಜೂ ಕೊಡಲಾರದ ಅರ್ಹತೆ.

ಮಾನಸಿಕ ಆರೋಗ್ಯ ಶುಶ್ರೂಷೆ ಅಂಥ ಒಂದು ಶಾಖೆ; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದರ ವಿಶೇಷ ಶಿಕ್ಷಣವಿದೆ. ಇನ್ನೊಂದು ಉಪಶಾಮಕ ಶುಶ್ರೂಷೆ, ಅಂದರೆ ಗುಣವಾಗದ ರೋಗಿಯ ನೋವನ್ನು ತಗ್ಗಿಸಿ ಮನೆಯವರಿಗೆ ಆಸರೆಯಾಗುವುದು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ಪ್ರಯತ್ನವೊಂದು ಬೆಳೆದು, 2008ರಲ್ಲಿ ಕೇರಳ ಸರಕಾರವೇ ಇದಕ್ಕೊಂದು ನೀತಿಯನ್ನು ಪ್ರಕಟಿಸಿತು. ಪಂಚಾಯತುಗಳ ಮೂಲಕ ದಾದಿಯರು ಹಾಸಿಗೆ ಹಿಡಿದವರ ಮನೆಗಳಿಗೇ ಹೋಗುತ್ತಾರೆ. ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದು 2000ದ ಸುಮಾರಿಗೆ ನಿಂತರೂ, ಎಣ್ಮಕಜೆಯಂಥ ಊರುಗಳ ಮನೆಗಳಲ್ಲಿ ಆರೈಕೆಯ ಹೊರೆ ಇಂದಿಗೂ ನಿಂತಿಲ್ಲ. ಅಲ್ಲಿನ ತಾಯಂದಿರೊಡನೆ ಅವರದೇ ನುಡಿಯಲ್ಲಿ ಮಾತಾಡುವವರು ಯಾರಾಗಬೇಕು? ಸಮುದಾಯ ಆರೋಗ್ಯವೂ ಇದೇ ಸಾಲಿನದು. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆಯಡಿ ಉಪಕೇಂದ್ರಗಳ ಸುಧಾರಣೆ ಆರಂಭವಾದಾಗ, ಸಮುದಾಯ ಆರೋಗ್ಯ ಅಧಿಕಾರಿಯೆಂಬ ಹೊಸ ಹುದ್ದೆಗೆ ದಾದಿಯರೂ ಅರ್ಹರಾದರು.

ಮುಂದೆ ಓದಬಯಸುವವರಿಗೆ ಒಂದು ವರ್ಷದ ವಿಶೇಷ ಡಿಪ್ಲೊಮಾಗಳಿವೆ. ಜಿ.ಎನ್.ಎಂ. ಮಾಡಿದವರು ಎರಡು ವರ್ಷ ಓದಿ ಪದವೀಧರರಾಗಬಹುದು, ಆಮೇಲೆ ಎಂ.ಎಸ್ಸಿ., ಕಾಲೇಜಿನ ಅಧ್ಯಾಪನ. ಕಲಿಕೆಯೆಲ್ಲ ಇಂಗ್ಲಿಷಿನಲ್ಲೇ ಆದ್ದರಿಂದ ಕನ್ನಡ ಮಾಧ್ಯಮದವರಿಗೆ ಮೊದಲ ವರ್ಷ ಕಠಿನವೇ ಸರಿ. ಅಂಗರಚನಾಶಾಸ್ತ್ರದ ಹೆಸರುಗಳು ಇಂಗ್ಲಿಷ್ ಮಾಧ್ಯಮದವರಿಗೂ ಹೊಸವೇ ಎಂಬುದನ್ನು ಮಕ್ಕಳಿಗೆ ಮುಂಚೆಯೇ ಹೇಳಿಟ್ಟರೆ ಧೈರ್ಯ ಬರುತ್ತದೆ.

ವಿದೇಶದ ಮಾತು ಬಾರದಿರದು. ಬ್ರಿಟನ್ನಿಗೆ ಇಂಗ್ಲಿಷ್ ಭಾಷಾ ಪರೀಕ್ಷೆ, ಅಮೆರಿಕಕ್ಕೆ ಎನ್‌ಕ್ಲೆಕ್ಸ್, ಜರ್ಮನಿಗೆ ಜರ್ಮನ್ ಭಾಷೆ ಬೇಕು. ದಳ್ಳಾಳಿಗಳ ಕೈಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಕೇರಳ ಸರಕಾರದ ನೋರ್ಕಾ ರೂಟ್ಸ್, ಒಡೆಪೆಕ್ ಸಂಸ್ಥೆಗಳಲ್ಲಿ ವಿಚಾರಿಸುವುದು ಲೇಸು. ಊರಿನಲ್ಲಿ ಸಂಬಳ ಬಹುಕಾಲ ನಾಚಿಕೆಗೇಡಿನದಾಗಿತ್ತು. ದಾದಿಯರ ಹೋರಾಟದ ಬಳಿಕ 2018ರಲ್ಲಿ ಕೇರಳ ಸರಕಾರವು ಖಾಸಗಿ ಆಸ್ಪತ್ರೆಗಳ ದಾದಿಯರಿಗೆ 20,000 ರೂಪಾಯಿ ಕನಿಷ್ಠ ಮೂಲವೇತನವನ್ನು ಗೊತ್ತುಪಡಿಸಿತು. ಸಾಲ ಮಾಡಿ ಓದಿಸುವವರು ಕಂತಿನ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಗಡಿಯವರು ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ಮಕ್ಕಳು ತಲಪಾಡಿ ದಾಟಿ ಮಂಗಳೂರಿನಲ್ಲಿ ಓದಿದರೆ ನೋಂದಾವಣೆ ಸಾಮಾನ್ಯವಾಗಿ ಕರ್ನಾಟಕದ ಪರಿಷತ್ತಿನಲ್ಲಾಗುತ್ತದೆ. ಕೇರಳದ ಸರಕಾರಿ ಹುದ್ದೆಗೆ ಅರ್ಜಿ ಹಾಕಬೇಕಾದರೆ ಕೇರಳದ ಪರಿಷತ್ತಿನಲ್ಲೂ ಹೆಸರು ದಾಖಲಿಸಬೇಕು. ಆಗ ಶಾಲೆಯ ಪ್ರಮಾಣಪತ್ರದಲ್ಲಿ ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ ಹೆಸರಿದ್ದರೆ, ಮನೆತನದ ಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಬಿಟ್ಟುಹೋಗಿದ್ದರೆ, ಕಚೇರಿಗಳಿಗೆ ಅಲೆದಾಟ ತಪ್ಪದು. ಹತ್ತನೆಯ ತರಗತಿಯ ಪಟ್ಟಿ ಪರೀಕ್ಷಾ ಮಂಡಳಿಗೆ ಹೋಗುವ ಮುನ್ನ ಹೆತ್ತವರು ಶಾಲೆಗೆ ಬಂದು, ಇಂಗ್ಲಿಷಿನಲ್ಲಿ ಬರೆದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ನೋಡತಕ್ಕದ್ದು.