ಓದಲು ತೊಡಕುಳ್ಳ ಮಕ್ಕಳೂ ಹೀಬ್ರೂ ಲಿಪಿಯೂ

ಮಾತಿನಲ್ಲಿ ಚುರುಕಾಗಿದ್ದು, ಪುಸ್ತಕ ಹಿಡಿದೊಡನೆ ತಡವರಿಸುವ ಮಗುವನ್ನು ದಡ್ಡನೆಂದೋ ಸೋಮಾರಿಯೆಂದೋ ಜರೆಯುವ ರೂಢಿಯು ಎಲ್ಲ ದೇಶಗಳಲ್ಲಿಯೂ ಉಂಟು. ಅಂತಹ ಮಕ್ಕಳಲ್ಲಿ ಅನೇಕರ ತೊಡಕು ಬುದ್ಧಿಯದೂ ಅಲ್ಲ, ಕಣ್ಣಿನದೂ ಅಲ್ಲ. ಕೇಳಿದ ನುಡಿಯನ್ನು ಧ್ವನಿಗಳಾಗಿ ಬಿಡಿಸಿ, ಆ ಧ್ವನಿಗಳನ್ನು ಬರೆದ ಗುರುತುಗಳೊಡನೆ ಕೂಡಿಸುವುದರಲ್ಲಿಯೇ ಅವರಿಗೆ ಪ್ರಯಾಸ. ಇದಕ್ಕೆ ಡಿಸ್ಲೆಕ್ಸಿಯಾ ಎಂದು ಹೆಸರು. ಬುದ್ಧಿವಂತನಾಗಿದ್ದೂ ಓದಲಾರದ 14 ವರ್ಷದ ಹುಡುಗನೊಬ್ಬನ ವೃತ್ತಾಂತವನ್ನು ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ನರು 1896ರಲ್ಲಿಯೇ ಪ್ರಕಟಿಸಿದ್ದರು. ಇಷ್ಟು ಕಾಲ ಸಂದರೂ ಬೈಗಳೇ ಔಷಧವೆಂದು ನಂಬಿರುವ ಹಿರಿಯರಿಗೆ ಕೊರತೆಯಿಲ್ಲ.

ಈ ತೊಡಕು ಹೀಬ್ರೂ ಕಲಿಯುವ ಮಕ್ಕಳಲ್ಲಿ ತೋರುವ ರೀತಿಯು ವಿಚಾರಾರ್ಹವಾದುದು. ಇಸ್ರೇಲಿನಲ್ಲಿ ಅದು ಶಾಲೆಯ ಭಾಷೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲಸಿರುವ ಯೆಹೂದ್ಯರ ಮಕ್ಕಳಿಗೆ ಅದು ಮುಖ್ಯವಾಗಿ ಪ್ರಾರ್ಥನೆಯ ಭಾಷೆ. 13ನೆಯ ವಯಸ್ಸಿಗೆ ಬಾಲಕನು ಸಭೆಯೆದುರು ಧರ್ಮಗ್ರಂಥವಾದ ತೋರಾವನ್ನು ಓದುವ ಪದ್ಧತಿಯುಂಟು. ಅನೇಕ ಸಮಾಜಗಳಲ್ಲಿ ಬಾಲಕಿಯರೂ ಹಾಗೆಯೇ ಓದುತ್ತಾರೆ. ಅಂದು ನಾಲಿಗೆ ತೊಡರಿದ ಮಗುವಿಗೆ ಕಡಮೆಯಾಗುವುದು ಪರೀಕ್ಷೆಯ ಅಂಕವಲ್ಲ. ತನ್ನ ಜನರ ನಡುವೆ ತನಗೆ ಸ್ಥಳವಿಲ್ಲವೆಂಬ ಭಾವನೆಯೇ ಅದರ ಎದೆಯಲ್ಲಿ ನಿಲ್ಲಬಹುದು.

ಹೀಬ್ರೂ ಲಿಪಿಯು ಬಲದಿಂದ ಎಡಕ್ಕೆ ಸಾಗುತ್ತದೆ. ಅಕ್ಷರಗಳು 22, ಅವುಗಳಲ್ಲಿ ಐದು ಅಕ್ಷರಗಳು ಶಬ್ದದ ಕೊನೆಯಲ್ಲಿ ಬೇರೆ ರೂಪ ತಾಳುತ್ತವೆ. ಅಕ್ಷರಗಳು ಪ್ರಾಯಶಃ ವ್ಯಂಜನಗಳೇ. ಸ್ವರಗಳನ್ನು ಅಕ್ಷರದ ಕೆಳಗೆ, ಮೇಲೆ, ಪಕ್ಕದಲ್ಲಿ ಇಡುವ ಚುಕ್ಕೆ, ಗೆರೆಗಳಿಂದ ಸೂಚಿಸುತ್ತಾರೆ. ಇದು ನಿಕುದ್. ನಮ್ಮ ಕಾಗುಣಿತವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು; ಆದರೆ ಒಂದು ಭೇದವುಂಟು. ನಮ್ಮ ಸ್ವರಚಿಹ್ನೆಗಳನ್ನು ಬಿಟ್ಟು ಬರೆಯಲಾಗದು. ಅವರ ಪತ್ರಿಕೆಗಳಲ್ಲಿಯೂ ದೊಡ್ಡವರ ಪುಸ್ತಕಗಳಲ್ಲಿಯೂ ನಿಕುದನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ಸಾಮೆಖ್, ಪೇ, ರೇಶ್ ಎಂಬ ಮೂರೇ ಅಕ್ಷರಗಳನ್ನು ಸೇಫೆರ್ ಎಂದೋದಿದರೆ ಪುಸ್ತಕ, ಸಪಾರ್ ಎಂದೋದಿದರೆ ಕ್ಷೌರಿಕ, ಸಫಾರ್ ಎಂದೋದಿದರೆ ಎಣಿಸಿದನು! ಪಳಗಿದವನು ಸಂದರ್ಭ ನೋಡಿ ನಿರ್ಣಯಿಸುವನು. ತೊಡಕುಳ್ಳ ಮಗುವಿಗೆ ಪ್ರತಿ ಶಬ್ದವೂ ಒಗಟಾಗುವುದು. ಶಬ್ದದೊಳಗಿನ ಅಕ್ಷರಗಳನ್ನು ಸ್ಥಳಪಲ್ಲಟ ಮಾಡಿ ಓದುವ ಒಂದು ಬಗೆಯ ತೊಡಕನ್ನು ಟೆಲ್ ಅವೀವ್ ವಿಶ್ವವಿದ್ಯಾನಿಲಯದ ನಾಅಮಾ ಫ್ರೀಡ್ಮನ್ನರು ವಿವರಿಸಿದ್ದಾರೆ. ಸ್ವರಗುರುತಿಲ್ಲದ ಹೀಬ್ರೂವಿನಲ್ಲಿ ಹಾಗೆ ಅದಲುಬದಲಾದಾಗ ಅನೇಕ ವೇಳೆ ಮತ್ತೊಂದು ನಿಜವಾದ ಶಬ್ದವೇ ಆಗಿಬಿಡುವುದರಿಂದ, ತಪ್ಪು ಓದಿದವನಿಗೇ ತಿಳಿಯದು.

ಹೀಗಿರುವಲ್ಲಿ ಮನೆಯವರು ಮಾಡಬೇಕಾದುದೇನು? ಮೊದಲನೆಯದಾಗಿ, ವರ್ಣಮಾಲೆಯ ಕ್ರಮಕ್ಕೆ ಕಟ್ಟುಬೀಳಬಾರದು. ಬೇತ್ ಮತ್ತು ಕಾಫ್, ದಾಲೆತ್ ಮತ್ತು ರೇಶ್, ಹೇ ಮತ್ತು ಹೇತ್ ಇವು ನೋಟಕ್ಕೆ ಅಣ್ಣತಮ್ಮಂದಿರಂತಿವೆ. ಒಂದು ಚೆನ್ನಾಗಿ ನೆಲೆಗೊಂಡ ಕೆಲವು ವಾರಗಳ ಮೇಲೆಯೇ ಅದರ ಜೋಡಿಯನ್ನು ತರತಕ್ಕದ್ದು. ಎರಡನೆಯದಾಗಿ, ಒಂದೇ ಸ್ವರವನ್ನು ಹಿಡಿದು ಕೆಲವೇ ಅಕ್ಷರಗಳೊಡನೆ ಸೇರಿಸಬೇಕು. ಕೆಳಗಿನ ಅಡ್ಡಗೆರೆಯಾದ ಪತಾಹ್ ಅಕಾರದ ಗುರುತು. ಲಾಮೆದ್, ಮೇಮ್, ತಾವ್‌ಗಳೊಡನೆ ಅದನ್ನು ಕೂಡಿಸಿ ಲ, ಮ, ತ ಎಂದು ನುಡಿಸಿ, ಅದು ತಡೆಯಿಲ್ಲದೆ ಬಂದ ಮೇಲೆ ಬೇರೆ ಸ್ವರಕ್ಕೆ ಹೋಗಬೇಕು. ಮೂರನೆಯದಾಗಿ, ಕಣ್ಣು, ಕಿವಿ, ಕೈ ಮೂರೂ ಕೂಡಿ ಕೆಲಸ ಮಾಡಬೇಕು. ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತ ಧ್ವನಿಯನ್ನು ಗಟ್ಟಿಯಾಗಿ ಹೇಳಿಸುವುದು ನಮ್ಮ ಹಳೆಯ ಪಾಠಶಾಲೆಗಳ ಕ್ರಮ. ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್, ಉಪಾಧ್ಯಾಯಿನಿ ಆನಾ ಗಿಲಿಂಗ್‌ಹ್ಯಾಮ್ ಇವರ ಹೆಸರಿನಿಂದ 1930ರ ದಶಕದಲ್ಲಿ ರೂಪುಗೊಂಡ ಪದ್ಧತಿಗೂ ಇದೇ ಬುನಾದಿ.

ಅಕ್ಷರಗಳು ದೊಡ್ಡವಾಗಿರಲಿ, ಸಾಲುಗಳ ನಡುವೆ ಎಡೆಯಿರಲಿ. ಇಂಗ್ಲಿಷನ್ನು ಎಡದಿಂದ ಓದಿ ಬಂದ ಮಗುವಿಗಾಗಿ ಪುಟದ ಬಲ ಅಂಚಿನಲ್ಲಿ ಬಣ್ಣದ ಗುರುತೊಂದನ್ನು ಇಡಬಹುದು. ಪಾಠವು ದಿನಕ್ಕೆ ಹತ್ತು ಹದಿನೈದು ನಿಮಿಷಗಳಿದ್ದರೆ ಸಾಕು. ಆದರೆ ದಿನವೂ ನಡೆಯಬೇಕು. ಓರಗೆಯವರು ನಿಕುದನ್ನು ಬಿಟ್ಟರೆಂದು ಈ ಮಗುವಿಂದಲೂ ಆತುರವಾಗಿ ಬಿಡಿಸುವುದು ಸರ್ವಥಾ ಯುಕ್ತವಲ್ಲ.

ಸಭೆಯ ಓದಿಗೆ ಸಿದ್ಧಗೊಳಿಸುವಾಗ ಧ್ವನಿಮುದ್ರಿಕೆ ಕೇಳಿಸಿ ಬಾಯಿಪಾಠ ಮಾಡಿಸುವುದುಂಟು. ತೋರಾದ ಸುರುಳಿಯಲ್ಲಿ ಸ್ವರಗುರುತುಗಳೇ ಇಲ್ಲವಾದುದರಿಂದ ಕೇಳಿ ಕಲಿಯುವ ನೆರವನ್ನು ನಾವು ಹಳಿಯುವುದಿಲ್ಲ. ಆದರೆ ಅದನ್ನೇ ಓದೆಂದು ಎಣಿಸಿ ತೃಪ್ತರಾಗುವುದನ್ನು ಒಪ್ಪಲಾರೆವು. ಮಗುವು ಮೂರೇ ವಾಕ್ಯಗಳನ್ನು ತಾನೇ ಬಿಡಿಸಿ ಓದಿದರೂ ಅದು ಅದರ ಸ್ವಂತ ಗಳಿಕೆ. ಮುನ್ಸೂಚನೆಯಿಲ್ಲದೆ ನಾಲ್ವರೆದುರು ಎಬ್ಬಿಸಿ ಓದಿಸುವುದು ಮಾತ್ರ ಕ್ರೌರ್ಯವೇ ಸರಿ.

ಮನೆಯ ಪಾಠವು ಬಲ್ಲವರ ಪರೀಕ್ಷೆಗೆ ಬದಲಲ್ಲ. ಕಣ್ಣು ಕಿವಿಗಳನ್ನು ತೋರಿಸಿ, ತಜ್ಞರನ್ನು ಕೇಳುವುದು ಅವಶ್ಯ. ಆದರೆ ನಲವತ್ತು ಮಕ್ಕಳ ತರಗತಿಯು ಕೊಡಲಾರದ ಎರಡು ವಸ್ತುಗಳನ್ನು ಮನೆಯು ಕೊಡಬಲ್ಲುದು: ಒಂದು ನಿಧಾನ, ಇನ್ನೊಂದು ಅವಮಾನವಿಲ್ಲದ ತಿದ್ದುಪಡಿ. ನಮ್ಮ ದೇಶದಲ್ಲಿಯೂ 2016ರ ಅಂಗವಿಕಲರ ಹಕ್ಕುಗಳ ಕಾನೂನು ಇಂತಹ ಕಲಿಕೆಯ ತೊಡಕನ್ನು ಗಣನೆಗೆ ತಂದಿದೆ. ಕಾನೂನು ಒಪ್ಪಿದುದನ್ನು ಮನೆಯ ಹಿರಿಯರೂ ಒಪ್ಪಿ, ಮಗುವಿನ ತೊಡಕನ್ನು ಮಗುವಿನ ಅಪರಾಧವೆಂದು ಎಣಿಸದಿರಲಿ ಎಂಬುದೇ ನಮ್ಮ ಬಿನ್ನಹ.